ಎರಡನೆಯ ಆಗಸ್ಟಸ್

ಎರಡನೆಯ ಆಗಸ್ಟಸ್ (12 ಮೇ 1670 – 1 ಫೆಬ್ರವರಿ 1733) ಜರ್ಮನಿಯ ಸ್ಯಾಕ್ಸನಿಯ ಅರಸ ಹಾಗೂ ಪೋಲೆಂಡಿನ ದೊರೆ. ದೇಹಬಲದಿಂದಾಗಿ ‘ಬಲಶಾಲಿ ಆಗಸ್ಟಸ್’ ಎಂದು ಹೆಸರಾದ ಈತನು ಯುರೋಪಿನ ಪ್ರಮುಖ ಪಿಂಗಾಣಿ ಸಂಗ್ರಾಹಕರಲ್ಲಿ ಒಬ್ಬ. ಪ್ರಸಿದ್ಧ ಮೈಸೆನ್ ಪಿಂಗಾಣಿ ಕಾರ್ಖಾನೆಯ ಸ್ಥಾಪಕನೂ ಹೌದು.

ಜನನ ಮತ್ತು ಅಧಿಕಾರ

ಆಗಸ್ಟಸ್ ಡ್ರೆಸ್ಡೆನ್ ನಗರದಲ್ಲಿ ಜನಿಸಿದನು. 1694ರಲ್ಲಿ ಅಣ್ಣನು ಸಿಡುಬಿನಿಂದ ಮರಣ ಹೊಂದಿದಾಗ ಸ್ಯಾಕ್ಸನಿಯ ಅಧಿಕಾರ ಈತನಿಗೆ ಬಂದಿತು. 1697ರಲ್ಲಿ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿ ಪೋಲೆಂಡಿನ ದೊರೆಯಾದನು. ಸ್ವೀಡನ್ನಿನೊಡನೆ ನಡೆದ ಯುದ್ಧದಲ್ಲಿ ಸೋತು 1706ರಲ್ಲಿ ಆ ಸಿಂಹಾಸನವನ್ನು ಬಿಟ್ಟುಕೊಟ್ಟನು. 1709ರಲ್ಲಿ ಮರಳಿ ಪಡೆದನು.

ಪಿಂಗಾಣಿಯ ರಹಸ್ಯ

ಆ ಕಾಲದಲ್ಲಿ ಗಟ್ಟಿ ಪಿಂಗಾಣಿಯನ್ನು ತಯಾರಿಸುವ ವಿದ್ಯೆ ಯುರೋಪಿನವರಿಗೆ ತಿಳಿದಿರಲಿಲ್ಲ. ಚೀನಾ ಮತ್ತು ಜಪಾನಿನಿಂದ ಹಡಗುಗಳಲ್ಲಿ ಬರುತ್ತಿದ್ದ ಪಾತ್ರೆಗಳಿಗೆ ಅಪಾರ ಬೆಲೆ ತೆರಬೇಕಾಗಿತ್ತು. ಚಿನ್ನ ಮಾಡಬಲ್ಲೆನೆಂದು ಹೇಳಿಕೊಂಡಿದ್ದ ಯೋಹಾನ್ ಫ್ರೀಡ್ರಿಖ್ ಬಟ್‌ಗರ್ ಎಂಬ ತರುಣ ರಸವಾದಿ ಪ್ರಷ್ಯಾದಿಂದ ತಪ್ಪಿಸಿಕೊಂಡು ಸ್ಯಾಕ್ಸನಿಗೆ ಬಂದಾಗ ಆಗಸ್ಟಸ್ ಅವನನ್ನು ಸೆರೆಯಲ್ಲಿಟ್ಟನು. ಚಿನ್ನ ದೊರೆಯಲಿಲ್ಲ. ಆದರೆ ವಿಜ್ಞಾನಿ ಚಿರ್ನ್‌ಹೌಸ್‌ನ ಮಾರ್ಗದರ್ಶನದಲ್ಲಿ ನಡೆದ ಪ್ರಯೋಗಗಳಿಂದ 1708ರಲ್ಲಿ ಬಿಳಿ ಪಿಂಗಾಣಿಯ ಸೂತ್ರ ಕೈಗೂಡಿತು. 1710ರಲ್ಲಿ ಕಾರ್ಖಾನೆ ಆರಂಭವಾಯಿತು. ರಹಸ್ಯವು ಹೊರಹೋಗದಿರಲೆಂದು ಅದನ್ನು ಮೈಸೆನ್ನಿನ ಆಲ್ಬ್ರೆಖ್ಟ್ಸ್‌ಬರ್ಗ್ ಕೋಟೆಯೊಳಗೆ ನೆಲೆಗೊಳಿಸಲಾಯಿತು. ಬಟ್‌ಗರ್‌ಗೆ 1714ರವರೆಗೂ ಬಿಡುಗಡೆ ದೊರೆಯಲಿಲ್ಲ. 1719ರಲ್ಲಿ, 37ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು.

ಸಂಗ್ರಹ

1717ರಲ್ಲಿ ಆಗಸ್ಟಸ್ ತನ್ನ 600 ಸೈನಿಕರನ್ನು ಪ್ರಷ್ಯಾದ ದೊರೆಗೆ ಒಪ್ಪಿಸಿ, ಪ್ರತಿಯಾಗಿ 151 ಚೀನೀ ಪಿಂಗಾಣಿ ವಸ್ತುಗಳನ್ನು ಪಡೆದನು. ಅವುಗಳಲ್ಲಿದ್ದ ನೀಲಿ-ಬಿಳಿ ಬಣ್ಣದ ದೊಡ್ಡ ಹೂಜಿಗಳಿಗೆ ಆ ಸೈನಿಕರ ದಳದಿಂದಲೇ ‘ಡ್ರಗೂನ್ ಹೂಜಿಗಳು’ ಎಂಬ ಹೆಸರು ಬಂದಿತು. ಡ್ರೆಸ್ಡೆನ್ನಿನ ಜಪಾನೀ ಅರಮನೆಯ ಕೆಳ ಅಂತಸ್ತಿನಲ್ಲಿ ಪೂರ್ವದೇಶಗಳ ಪಿಂಗಾಣಿಯನ್ನೂ ಮೇಲಂತಸ್ತಿನಲ್ಲಿ ಮೈಸೆನ್ ಪಿಂಗಾಣಿಯನ್ನೂ ಇರಿಸುವುದು ಈತನ ಯೋಜನೆಯಾಗಿತ್ತು. ಅದಕ್ಕಾಗಿ ಶಿಲ್ಪಿಗಳಾದ ಕಿರ್ಶ್ನರ್ ಮತ್ತು ಕೆಂಡ್ಲರ್ ಪ್ರಾಣಿಪಕ್ಷಿಗಳ ದೊಡ್ಡ ಪ್ರತಿಮೆಗಳನ್ನು ರೂಪಿಸಿದರು. ಯೋಜನೆ ಪೂರ್ಣಗೊಳ್ಳುವ ಮೊದಲೇ ಆಗಸ್ಟಸ್ ವಾರ್ಸಾದಲ್ಲಿ ನಿಧನನಾದನು.

ಮಹತ್ವ

1721ರಿಂದ ಸಂಗ್ರಹದ ವಸ್ತುಗಳಿಗೆ ಕ್ರಮಸಂಖ್ಯೆ ನೀಡಿ ಪಟ್ಟಿ ಮಾಡಲಾಯಿತು. ಹಳೆಯ ಪಿಂಗಾಣಿಯನ್ನು ಸಂಗ್ರಹಿಸುವವರು ಈ ಸಂಖ್ಯೆಗಳಿಂದ ಒಂದು ವಸ್ತು ಅರಸನ ಸಂಗ್ರಹದ್ದೆಂದು ಗುರುತಿಸುತ್ತಾರೆ. ಅಡ್ಡಲಾಗಿರಿಸಿದ ಎರಡು ನೀಲಿ ಕತ್ತಿಗಳ ಚಿಹ್ನೆ ಇಂದಿಗೂ ಮೈಸೆನ್ನಿನ ಮುದ್ರೆಯಾಗಿದೆ. ಆಗಸ್ಟಸ್‌ನ ಸಂಗ್ರಹವೇ ಡ್ರೆಸ್ಡೆನ್ನಿನ ಜ್ವಿಂಗರ್ ಅರಮನೆಯಲ್ಲಿರುವ ಪಿಂಗಾಣಿ ವಸ್ತುಸಂಗ್ರಹಾಲಯಕ್ಕೆ ತಳಹದಿ.