ವ್ಯಾಯಾಮದ ಅವಧಿಗೆ ನೃತ್ಯವನ್ನು ತಂದ ರುಡಾಲ್ಫ್ ಲಾಬಾನ್

ಶಾಲೆಯ ವ್ಯಾಯಾಮದ ಅವಧಿಯೆಂದರೆ ನಮ್ಮ ತಲೆಮಾರಿನವರ ನೆನಪಿಗೆ ಬರುವುದು ಸೀಟಿಯ ಸದ್ದು, ನೇರವಾದ ಸಾಲು, ಒಂದು-ಎರಡು-ಮೂರು ಎಂಬ ಎಣಿಕೆಗೆ ತಕ್ಕಂತೆ ಏರಿಳಿಯುವ ಕೈಗಳು. ನೃತ್ಯವಾದರೋ ಸಂಜೆ ಗುರುಗಳ ಮುಂದೆ ಅಡವು ತಪ್ಪದಂತೆ ಅಭ್ಯಾಸ ಮಾಡಬೇಕಾದ ಬೇರೆಯೇ ವಿದ್ಯೆ. ಇವೆರಡಲ್ಲದ ಮೂರನೆಯ ದಾರಿಯೊಂದುಂಟು. ಮಗು ತನ್ನ ಚಲನೆಯನ್ನು ತಾನೇ ಹುಡುಕಿಕೊಂಡು ಕುಣಿಯುವುದು, ಅದನ್ನು ಶಾಲೆಯ ದೈಹಿಕ ಶಿಕ್ಷಣದ ಭಾಗವಾಗಿಯೇ ಕಲಿಸುವುದು. ಇಂಗ್ಲೆಂಡಿನ ಶಾಲೆಗಳಲ್ಲಿ ಈ ದಾರಿಗೆ ಶಾಸ್ತ್ರದ ತಳಹದಿಯನ್ನು ಒದಗಿಸಿದವರು ರುಡಾಲ್ಫ್ ಲಾಬಾನ್.

ಅವರು ಜನಿಸಿದ್ದು 1879ರ ಡಿಸೆಂಬರ್ 15ರಂದು, ಇಂದು ಸ್ಲೊವಾಕಿಯಾದ ರಾಜಧಾನಿಯಾಗಿರುವ ಬ್ರಾಟಿಸ್ಲಾವಾದಲ್ಲಿ. ಆಗ ಆ ನಗರ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿತ್ತು. ತಂದೆ ಸೇನಾಧಿಕಾರಿ. ಮಗನೂ ಸೈನಿಕ ಶಿಕ್ಷಣಕ್ಕೆ ಸೇರಿದನಾದರೂ ಅಲ್ಲಿ ನಿಲ್ಲದೆ ಕಲೆಯನ್ನರಸಿ ಪ್ಯಾರಿಸ್ಸಿಗೆ ತೆರಳಿದನು. 1913ರಿಂದ ಸ್ವಿಟ್ಜರ್ಲೆಂಡಿನ ಮೊಂಟೆ ವೆರಿಟಾ ಬೆಟ್ಟದ ಮೇಲೆ ಲಾಬಾನರು ಬೇಸಿಗೆಯ ನೃತ್ಯಶಾಲೆ ನಡೆಸಿದರು. ಮುಂದೆ ಆಧುನಿಕ ನೃತ್ಯದಲ್ಲಿ ಹೆಸರಾದ ಮೇರಿ ವಿಗ್ಮನ್ ಅಲ್ಲಿ ಅವರ ಶಿಷ್ಯೆಯಾಗಿದ್ದರು. ವೃತ್ತಿನರ್ತಕರಲ್ಲದ ಸಾಮಾನ್ಯ ಜನರನ್ನು ಕೂಡಿಸಿ ಸಮೂಹವಾಗಿ ಚಲಿಸುವ ಕಲೆಯನ್ನು ಜರ್ಮನಿಯಲ್ಲಿ ಬೆಳೆಸಿದರು. 1926ರಲ್ಲಿಯೇ ಮಕ್ಕಳ ವ್ಯಾಯಾಮ ಮತ್ತು ನೃತ್ಯವನ್ನು ಕುರಿತು ಪುಸ್ತಕ ಬರೆದರು. ಸಂಗೀತಕ್ಕೆ ಸ್ವರಲಿಪಿಯಿರುವಂತೆ ನೃತ್ಯಕ್ಕೊಂದು ಲಿಪಿಯನ್ನು 1928ರಲ್ಲಿ ಪ್ರಕಟಿಸಿದರು.

1930ರಲ್ಲಿ ಬರ್ಲಿನ್ನಿನ ಸರ್ಕಾರಿ ಸಂಗೀತನಾಟಕ ಮಂದಿರದ ನೃತ್ಯ ನಿರ್ದೇಶಕರಾದ ಮೇಲಿನ ಆರು ವರ್ಷಗಳನ್ನು ಅವರ ಅಭಿಮಾನಿಗಳು ಬಹುಕಾಲ ಬೇಗನೆ ದಾಟಿಹೋಗುತ್ತಿದ್ದರು. ನಾವು ಹಾಗೆ ಮಾಡಲಾರೆವು. ಹಿಟ್ಲರನು ಅಧಿಕಾರಕ್ಕೆ ಬಂದ ಮೇಲೂ ಲಾಬಾನರು ಹುದ್ದೆಯಲ್ಲಿ ಮುಂದುವರಿದರು. 1933ರ ಜುಲೈನಲ್ಲಿ ಮಕ್ಕಳ ನೃತ್ಯವರ್ಗದಿಂದ ಆರ್ಯರಲ್ಲದ ವಿದ್ಯಾರ್ಥಿಗಳನ್ನು ಹೊರಗಿಟ್ಟರು. ಪ್ರತಿ ಮಗುವಿನಲ್ಲಿಯೂ ನೃತ್ಯವಿದೆಯೆಂದು ನಂಬಿದ್ದವರು ಮಕ್ಕಳನ್ನೇ ಕುಲ ನೋಡಿ ಬೇರ್ಪಡಿಸಿದರೆಂಬುದು ಅವರ ಬಾಳಿನ ಅಳಿಸಲಾಗದ ಕಳಂಕ. ಪ್ರಭುತ್ವದ ಕೃಪೆಯೂ ಬಹುಕಾಲ ಉಳಿಯಲಿಲ್ಲ. 1936ರ ಬರ್ಲಿನ್ ಒಲಿಂಪಿಕ್ಸ್ ಸಂದರ್ಭಕ್ಕೆಂದು ಸುಮಾರು ಸಾವಿರ ಮಂದಿಯಿಂದ ಅವರು ಸಿದ್ಧಪಡಿಸಿದ್ದ ಸಮೂಹನೃತ್ಯವನ್ನು ಪೂರ್ವಪ್ರದರ್ಶನದಲ್ಲಿ ಕಂಡ ಮಂತ್ರಿ ಗೊಬೆಲ್ಸ್ ಅದನ್ನು ನಿಷೇಧಿಸಿದನು. ಲಾಬಾನರು ಕೆಲಸ, ಮಾನ, ಆರೋಗ್ಯಗಳನ್ನು ಕಳೆದುಕೊಂಡು 1937ರಲ್ಲಿ ಪ್ಯಾರಿಸ್ಸಿಗೂ ಮರುವರ್ಷ ಇಂಗ್ಲೆಂಡಿನ ಡಾರ್ಟಿಂಗ್ಟನ್ ಹಾಲ್‌ಗೂ ಬಂದು ಸೇರಿದರು.

ಡಾರ್ಟಿಂಗ್ಟನ್ನಿನ ಹೆಸರು ಭಾರತೀಯರಾದ ನಮಗೆ ಅಪರಿಚಿತವಲ್ಲ. ಅದನ್ನು ಕಟ್ಟಿದ ದಂಪತಿಗಳಲ್ಲಿ ಲೆನರ್ಡ್ ಎಲ್ಮ್‌ಹರ್ಸ್ಟ್, 1922ರಲ್ಲಿ ರವೀಂದ್ರನಾಥ ಠಾಕೂರರ ಶ್ರೀನಿಕೇತನದ ಗ್ರಾಮಕಾರ್ಯವನ್ನು ಆರಂಭಿಸಿದವರು. ಉದಯಶಂಕರರ ಅಲ್ಮೋರಾ ಕೇಂದ್ರಕ್ಕೂ ಈ ಮನೆತನದ ನೆರವಿತ್ತು. ಲಾಬಾನರಿಗೆ ಇಲ್ಲಿ ಆಸರೆಯಾದವರು ಶಿಷ್ಯೆ ಲೀಸಾ ಉಲ್ಮನ್.

ಯುದ್ಧ ತೀವ್ರವಾದಾಗ ಡಾರ್ಟಿಂಗ್ಟನ್ನನ್ನೂ ಬಿಡಬೇಕಾಯಿತು. ಆಗ ಕಾರ್ಖಾನೆಗಳಲ್ಲಿ ಕಾರ್ಮಿಕರ ಚಲನೆಯನ್ನು ಅಭ್ಯಸಿಸುವ ಕೆಲಸ ಅವರಿಗೆ ಒದಗಿತು. ಯಾವ ಚಲನೆಗೆ ಎಷ್ಟು ಬಲ, ಎಷ್ಟು ವೇಗ, ಯಾವ ದಿಕ್ಕು, ಎಂತಹ ಹರಿವು ಎಂಬ ಲೆಕ್ಕಾಚಾರವಿದು. (ನೋಟಿನ ಕಟ್ಟನ್ನು ಎಣಿಸುವಲ್ಲಿ ಹಳೆಯ ಗುಮಾಸ್ತರ ಬೆರಳಿಗೂ ಹೊಸಬರ ಬೆರಳಿಗೂ ಇರುವ ಅಂತರವನ್ನು ಕಂಡ ಬ್ಯಾಂಕಿನವರಾದ ನಮಗೆ ಇದು ಬೇಗನೆ ಅರ್ಥವಾಗುತ್ತದೆ.) ಅದೇ ವಿಶ್ಲೇಷಣೆ ಶಾಲೆಗೂ ಬಂದಿತು. 1946ರಲ್ಲಿ ಉಲ್ಮನ್ ಮ್ಯಾಂಚೆಸ್ಟರಿನಲ್ಲಿ ಚಲನಕಲೆಯ ತರಬೇತಿ ಕೇಂದ್ರವನ್ನು ತೆರೆದರು. 1948ರಲ್ಲಿ ಶಿಕ್ಷಣದಲ್ಲಿ ಆಧುನಿಕ ನೃತ್ಯವನ್ನು ಕುರಿತ ಲಾಬಾನರ ಪುಸ್ತಕ ಹೊರಬಂದಿತು. ಅದರಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳಿಗೆ ಹೊಂದುವ 16 ಚಲನ ವಿಷಯಗಳಿವೆ. ಶಿಕ್ಷಕರು ಮಾಡಿ ತೋರಿಸಿ ಅನುಕರಿಸಲು ಹೇಳುವುದಿಲ್ಲ. ಭಾರವಾಗಿ ಒತ್ತುವುದು, ಹಗುರವಾಗಿ ತೇಲುವುದು, ಥಟ್ಟನೆ ನಿಲ್ಲುವುದು ಇವುಗಳನ್ನು ಸೂಚಿಸುತ್ತಾರೆ. ಉತ್ತರವನ್ನು ಮಕ್ಕಳ ಮೈ ಹುಡುಕುತ್ತದೆ. ಒಬ್ಬನು ನೆಲಕ್ಕೆ ಕುಗ್ಗಿ ಒತ್ತಿದರೆ ಇನ್ನೊಬ್ಬಳು ಗೋಡೆಯನ್ನು ತಳ್ಳುವಂತೆ ಒತ್ತಬಹುದು; ಎರಡೂ ಸರಿ. ಓಟದಲ್ಲಿ ಸದಾ ಕೊನೆಗೆ ನಿಲ್ಲುತ್ತಿದ್ದ ಮಗುವಿಗೆ ಇದು ಎಂತಹ ಬಿಡುಗಡೆಯೆಂಬುದನ್ನು ಹೇಳಬೇಕಾಗಿಲ್ಲ.

ಈ ಪದ್ಧತಿಯನ್ನು ಮೊದಲು ಒಪ್ಪಿಕೊಂಡವರು ಮುಖ್ಯವಾಗಿ ಹೆಣ್ಣುಮಕ್ಕಳ ಶಾಲೆಗಳ ವ್ಯಾಯಾಮ ಶಿಕ್ಷಕಿಯರು. ಹುಡುಗರ ಶಿಕ್ಷಕರಲ್ಲಿ ಅನೇಕರು ಸಂಶಯದಿಂದಲೇ ನೋಡಿದರು. ಕುಶಲತೆಯ ಅಭ್ಯಾಸವಿಲ್ಲದ ನೃತ್ಯ ಕಲೆಯಾದೀತೇ ಎಂದು ಮುಂದಿನ ದಶಕಗಳಲ್ಲಿ ಕೇಳಿದವರೂ ಇದ್ದಾರೆ. ಅಡವಿನ ಶಿಸ್ತನ್ನು ಬಲ್ಲ ನಮಗೂ ಆ ಪ್ರಶ್ನೆ ಸಾಧುವೆನಿಸುತ್ತದೆ.

1953ರಲ್ಲಿ ಕೇಂದ್ರವು ಸರ್ರಿ ಪ್ರಾಂತದ ಆಡ್ಲ್‌ಸ್ಟನ್ನಿಗೆ ಸ್ಥಳಾಂತರಗೊಂಡಿತು. ಲಾಬಾನರು 1958ರ ಜುಲೈ 1ರಂದು, ತಮ್ಮ 78ನೆಯ ವಯಸ್ಸಿನಲ್ಲಿ ನಿಧನರಾದರು. 1992ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಪಠ್ಯಕ್ರಮ ದೈಹಿಕ ಶಿಕ್ಷಣಕ್ಕೆ ಜಾರಿಯಾದಾಗ, ಆಟ-ಈಜುಗಳ ಪಕ್ಕದಲ್ಲಿ ನೃತ್ಯವೂ ಅದರಲ್ಲಿ ಸ್ಥಾನ ಪಡೆದಿತ್ತು.