ಟೆಲಿಫೋನಿನಿಂದ ಕಿವಿಯೊಳಗೆ

ಜಾರ್ಜ್ ವಾನ್ ಬೆಕೆಸಿ 1899ರಲ್ಲಿ ಹಂಗೆರಿ ದೇಶದ ಬುಡಾಪೆಸ್ಟ್ ನಗರದಲ್ಲಿ ಜನಿಸಿದರು. ಭೌತವಿಜ್ಞಾನ ಓದಿ, 1923ರಲ್ಲಿ ಅಲ್ಲಿನ ಅಂಚೆ ಇಲಾಖೆಯ ಟೆಲಿಫೋನ್ ಪ್ರಯೋಗಾಲಯ ಸೇರಿದರು. ಟೆಲಿಫೋನಿನಲ್ಲಿ ಮಾತು ಸ್ಪಷ್ಟವಾಗಿ ಕೇಳಿಸಬೇಕಿತ್ತು. ಆದರೆ ಮಾತನ್ನು ಕೊನೆಗೆ ಕೇಳುವುದು ಕಿವಿ ತಾನೇ? ಕಿವಿಯನ್ನು ಅರಿಯದೆ ಯಂತ್ರವನ್ನು ಸುಧಾರಿಸುವುದು ಹೇಗೆ?

ಮಕ್ಕಳೇ, ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಕಾಕ್ಲಿಯಾ ಎಂಬ ಭಾಗವಿದೆ. ಗಾತ್ರದಲ್ಲಿ ಬಟಾಣಿ ಕಾಳಿನಷ್ಟು! ಅದರೊಳಗೆ ದ್ರವವೂ ಉದ್ದನೆಯ ಪೊರೆಯೂ ಇವೆ. ಬೆಕೆಸಿ ರಬ್ಬರ್ ಪೊರೆಯಿಂದ ಇದರ ಮಾದರಿ ತಯಾರಿಸಿದರು. ನಂತರ ಮೃತದೇಹಗಳ ಕಿವಿಯ ಪೊರೆಯ ಮೇಲೆ ಬೆಳ್ಳಿಯ ಕಣಗಳನ್ನು ಉದುರಿಸಿ, ಮಿನುಗುವ ಬೆಳಕಿನಲ್ಲಿ ಸೂಕ್ಷ್ಮದರ್ಶಕದಿಂದ ನೋಡಿದರು. ಶಬ್ದವಾದಾಗ ಪೊರೆಯ ಮೇಲೆ ಅಲೆ ಸಾಗುತ್ತಿತ್ತು! ಶಿಳ್ಳೆಯಂತಹ ಕೀಚು ಶಬ್ದಕ್ಕೆ ಅಲೆ ಸುರುಳಿಯ ಆರಂಭದಲ್ಲೇ ಎತ್ತರವಾಗುತ್ತಿತ್ತು. ನಗಾರಿಯಂತಹ ದಪ್ಪ ಶಬ್ದಕ್ಕೆ ತುದಿಯ ಬಳಿ. ಹೀಗೆ ಕಿವಿ ಶಬ್ದಗಳನ್ನು ಬೇರ್ಪಡಿಸುತ್ತದೆ.

ಈ ಶೋಧನೆಗೆ ಅವರಿಗೆ 1961ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. 1972ರಲ್ಲಿ ಅಮೆರಿಕದ ಹೊನೊಲುಲುವಿನಲ್ಲಿ ಅವರು ನಿಧನರಾದರು. ಜೀವಂತ ಕಿವಿಯ ಕೋಶಗಳು ಈ ಅಲೆಯನ್ನು ಇನ್ನಷ್ಟು ಹೆಚ್ಚಿಸುತ್ತವೆ ಎಂದು ಮುಂದಿನ ವಿಜ್ಞಾನಿಗಳು ಕಂಡುಕೊಂಡರು.

ಹುಟ್ಟಿನಿಂದ ಕಿವಿ ಕೇಳದ ಕೆಲವು ಮಕ್ಕಳಿಗೆ ಇಂದು ಕಾಕ್ಲಿಯಾದೊಳಗೆ ಸಾಧನವೊಂದನ್ನು ಅಳವಡಿಸುತ್ತಾರೆ. ಅದು ಮಾತಿನ ಶಬ್ದಗಳನ್ನು ಬೇರ್ಪಡಿಸಿ, ಕೀಚು ಶಬ್ದವನ್ನು ಆರಂಭದ ಕಡೆಗೆ, ದಪ್ಪ ಶಬ್ದವನ್ನು ಒಳಗಿನ ಕಡೆಗೆ ವಿದ್ಯುತ್ ಸಂಕೇತವಾಗಿ ಕಳಿಸುತ್ತದೆ. ಟೆಲಿಫೋನ್ ಸುಧಾರಿಸಲು ಹೊರಟವರ ಪ್ರಶ್ನೆ ಎಷ್ಟು ದೂರ ಸಾಗಿತು ನೋಡಿದಿರಾ?