ಬೈಬಲನ್ನು ಕೈಗೆತ್ತಿಕೊಟ್ಟ ಗುರು ಅಮಲೋರ್ಪವದಾಸ್



ನಮ್ಮ ಉಪ್ಪಾರಹಳ್ಳಿಯ ಕಡೆ ಮನೆ ಭೇಟಿಗೆ ಹೋದಾಗ ದೇವರ ಪಟದ ಪಕ್ಕದಲ್ಲಿ ಬೈಬಲ್ ಕಾಣುತ್ತದೆ. ಕೆಲವು ಮನೆಗಳಲ್ಲಿ ಅದರ ಹೊದಿಕೆಯನ್ನೇ ಬಿಚ್ಚಿರುವುದಿಲ್ಲ. ಕೇಳಿದರೆ, ದೈವಶಾಸ್ತ್ರ ಗುರುಗಳು ಕಲಿಯುವ ವಿದ್ಯೆ, ನಮಗೆ ಜಪಸರವೇ ಸಾಕು ಎಂಬ ಉತ್ತರ ಬರುತ್ತದೆ. ಈ ಉತ್ತರವನ್ನು ಒಪ್ಪದ ಗುರುವೊಬ್ಬರು ನಮ್ಮ ಮಹಾಧರ್ಮಕ್ಷೇತ್ರದಲ್ಲೇ ದುಡಿದಿದ್ದರು. ಅವರೇ ಡಿ.ಎಸ್. ಅಮಲೋರ್ಪವದಾಸ್.

ಅವರು 1932ರಲ್ಲಿ ತಮಿಳುನಾಡಿನ ಕಲ್ಲೇರಿಯಲ್ಲಿ ಹುಟ್ಟಿದರು. ಮುಂದೆ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿ, ಕಾರ್ಡಿನಲರೂ ಆದ ಲೂರ್ದುಸ್ವಾಮಿಯವರು ಇವರ ಅಣ್ಣ. 1959ರಲ್ಲಿ ಗುರುದೀಕ್ಷೆ ಪಡೆದ ಅಮಲೋರ್ಪವದಾಸರು ಪ್ಯಾರಿಸ್ಸಿನಲ್ಲಿ ಉನ್ನತ ವ್ಯಾಸಂಗ ಮಾಡಿದರು.

ಆ ಕಾಲದ ಗುರುಮಠಗಳಲ್ಲಿ ದೈವಶಾಸ್ತ್ರವೆಂದರೆ ಲತೀನ್ ಭಾಷೆಯ ಪಠ್ಯಗಳು. ದೇವರು, ವರಪ್ರಸಾದ, ಸಂಸ್ಕಾರಗಳು ಎಂದು ಒಂದೊಂದೂ ಬೇರೆ ಪಾಠ. ಬೈಬಲಿನ ವಾಕ್ಯ ಬರುತ್ತಿದ್ದುದು ಹೆಚ್ಚಾಗಿ ಕೊನೆಯಲ್ಲಿ, ಪುರಾವೆಯಾಗಿ. ಜನರಿಗೋ ಪ್ರಶ್ನೋತ್ತರದ ಬಾಯಿಪಾಠ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಈ ಕ್ರಮವನ್ನು ತಿರುಗಿಸಿತು. ಪವಿತ್ರಗ್ರಂಥದ ಅಧ್ಯಯನವೇ ದೈವಶಾಸ್ತ್ರದ ಪ್ರಾಣವಾಗಬೇಕೆಂದು ಅದು ಬೋಧಿಸಿತು.

ಬೋಧನೆ ಕಾಗದದಲ್ಲೇ ಉಳಿಯಬಾರದಲ್ಲ! ಭಾರತದ ಧರ್ಮಾಧ್ಯಕ್ಷರು 1967ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರವನ್ನು ತೆರೆದು, ಈ ಯುವ ಗುರುವಿಗೆ ಒಪ್ಪಿಸಿದರು. ಆ ಹೆಸರಿನಲ್ಲೇ ಅವರ ಅಧ್ಯಯನ ಕ್ರಮವಿದೆ ನೋಡಿ. ದೇವರ ವಾಕ್ಯವನ್ನು ಓದಬೇಕು, ಅದನ್ನು ಕಲಿಸಬೇಕು, ಬಲಿಪೂಜೆಯಲ್ಲಿ ಅದನ್ನೇ ಆಚರಿಸಬೇಕು. ಒಂದನ್ನು ಬಿಟ್ಟರೆ ಉಳಿದೆರಡೂ ಒಣಗುತ್ತವೆ. ಗುರುಗಳು, ಧರ್ಮಭಗಿನಿಯರು, ಶ್ರೀಸಾಮಾನ್ಯರು ಅಲ್ಲಿಗೆ ಬಂದು ಕಲಿತರು.

ದಾರಿ ಸುಗಮವಾಗಿರಲಿಲ್ಲ. ಆರತಿ, ಅಂಜಲಿ, ನೆಲದ ಮೇಲೆ ಕುಳಿತು ಆರಾಧಿಸುವುದು ಮೊದಲಾದ 12 ಅಂಶಗಳಿಗೆ 1969ರಲ್ಲಿ ರೋಮಿನ ಒಪ್ಪಿಗೆ ದೊರೆತರೂ, ಇದು ನಮ್ಮ ಧರ್ಮವಲ್ಲವೆಂದು ವಿಶ್ವಾಸಿಗಳಲ್ಲೇ ಕೆಲವರು ಸಿಟ್ಟಾದರು. 1974ರಲ್ಲಿ ಇತರ ಧರ್ಮಗ್ರಂಥಗಳ ಬಗ್ಗೆ ಅವರು ವಿಚಾರಗೋಷ್ಠಿ ನಡೆಸಿದಾಗಲೂ ವಾದವಿವಾದ ಎದ್ದಿತು. ಅವರು ಹಿಂಜರಿಯಲಿಲ್ಲ. ಅದೇ ವರ್ಷ ರೋಮಿನಲ್ಲಿ ಶುಭಸಂದೇಶ ಪ್ರಸಾರದ ಕುರಿತು ಸೇರಿದ ಧರ್ಮಾಧ್ಯಕ್ಷರ ಸಿನೋಡಿಗೆ ವಿಶೇಷ ಕಾರ್ಯದರ್ಶಿಯಾಗಿ ಸೇವೆ ಸಲ್ಲಿಸಿದರು.

1982ರವರೆಗೆ ಕೇಂದ್ರವನ್ನು ನಡೆಸಿದ ಅವರು ಮೈಸೂರಿನಲ್ಲಿ ಅಂಜಲಿ ಆಶ್ರಮವನ್ನೂ ಕಟ್ಟಿದರು. ಮೈಸೂರು ವಿಶ್ವವಿದ್ಯಾನಿಲಯದ ಕ್ರೈಸ್ತಧರ್ಮ ಅಧ್ಯಯನ ವಿಭಾಗವನ್ನು ಬೆಳೆಸಿದರು. 1990ರ ಮೇ 25ರಂದು, 58 ತುಂಬುವ ಮುನ್ನವೇ, ರಸ್ತೆ ಅಪಘಾತದಲ್ಲಿ ಪ್ರಭುವಿನ ಪಾದ ಸೇರಿದರು.

ಪ್ರಿಯರೇ, ಅವರ ಸ್ಮರಣೆಗೆ ದೊಡ್ಡ ಸಭೆ ಬೇಡ. ಇಂದು ಸಂಜೆ ಮಾರ್ಕನ ಶುಭಸಂದೇಶವನ್ನು ತೆರೆಯಿರಿ. ಅದರಲ್ಲಿರುವುದು 16 ಅಧ್ಯಾಯಗಳು. ದಿನಕ್ಕೊಂದನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿರಿ. ಇದನ್ನು ಮೊದಲು ಕೇಳಿದವರ ಕಷ್ಟವೇನಿತ್ತು? ಯೇಸುಸ್ವಾಮಿ ಇಲ್ಲಿ ಎಂಥ ದೇವರನ್ನು ತೋರಿಸುತ್ತಾರೆ? ನಾಳೆ ನಮ್ಮ ಬೀದಿಯಲ್ಲಿ ನಾವೇನು ಮಾಡಬೇಕು? ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಅರ್ಥವಾಗದ್ದನ್ನು ಗುರುತು ಹಾಕಿಕೊಂಡು ಭಾನುವಾರ ಪೂಜೆಯ ನಂತರ ನಿಮ್ಮ ಸ್ವಾಮಿಗಳನ್ನು ಕೇಳಿರಿ. ನೀವು ಆಗಲೇ ದೈವಶಾಸ್ತ್ರದ ವಿದ್ಯಾರ್ಥಿಗಳಾಗಿರುತ್ತೀರಿ.

ದೇವರು ನಿಮ್ಮ ಮನೆಯನ್ನು ಆಶೀರ್ವದಿಸಲಿ.